ಹಳೆಯ ಟರ್ಬೊ ಕಾರನ್ನು ಯಾರ ಮಾತು ನಂಬಿ ಕೊಳ್ಳುವುದು?

ಮಳಿಗೆಯ ಪ್ರಮಾಣಪತ್ರ, ಹಿಂದಿನ ಮಾಲೀಕರ ಸರ್ವಿಸ್ ದಾಖಲೆ, ನಾವೇ ಕರೆದೊಯ್ಯುವ ಮೆಕ್ಯಾನಿಕ್. ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರಿನ ಎಂಜಿನ್ ಎಷ್ಟು ಗಟ್ಟಿ ಎಂದು ತಿಳಿಯಲು ಈ ಮೂರನ್ನೂ ನಾನು ನೋಡಿದ್ದೇನೆ. ಇನ್ನು ಮುಂದೆ ಮೆಕ್ಯಾನಿಕ್ ಜೊತೆಗಿಲ್ಲದೆ ಮುಂಗಡ ಹಣ ಕೊಡುವುದಿಲ್ಲ.

ಮೊದಲ ಕಾರು 2021ರಲ್ಲಿ ಬೆಂಗಳೂರಿನ ಮಳಿಗೆಯೊಂದರಿಂದ ಕೊಂಡ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಇರುವ ಡೀಸೆಲ್ ಸೆಡಾನ್. ಜೊತೆಗೆ 12 ಪುಟಗಳ ಪರೀಕ್ಷಾ ವರದಿ ಕೊಟ್ಟರು. ಟೈರಿನ ಸವೆತ, ಬಣ್ಣದ ದಪ್ಪ, ಸೀಟಿನ ಕಲೆ, ಎಲ್ಲಕ್ಕೂ ಅದರಲ್ಲಿ ಅಂಕಗಳಿದ್ದವು. ಟರ್ಬೊ ಮುಂದೆ ‘ಸರಿ ಇದೆ’ ಎಂಬ ಗುರುತು ಮಾತ್ರ. ಐದನೆಯ ತಿಂಗಳು ಕುಣಿಗಲ್ ದಾರಿಯಲ್ಲಿ ಎಳೆತ ಸತ್ತು ನೀಲಿ ಹೊಗೆ ಬಂತು. ಟರ್ಬೊ ರಿಪೇರಿಗೆ 1.85 ಲಕ್ಷ ರೂಪಾಯಿ ಕೈಬಿಟ್ಟಿತು. ವಾರಂಟಿ ಕಾಗದದ ಕೊನೆಯ ಪುಟದಲ್ಲಿ ಟರ್ಬೊವನ್ನು ‘ಸವೆಯುವ ಭಾಗ’ಗಳ ಸಾಲಿಗೆ ಸೇರಿಸಿ ಹೊರಗಿಟ್ಟಿದ್ದರು.

ಎರಡನೆಯ ಸಲ ಇನ್ನೊಂದು ಮಳಿಗೆಗೆ ಪರಿಚಯದ ಮೆಕ್ಯಾನಿಕ್‌ರನ್ನು ಕರೆದೊಯ್ದೆ. ಅಲ್ಲಿದ್ದುದು ಪೆಟ್ರೋಲ್ ಟರ್ಬೊ. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಚುಚ್ಚಿದರೆ ಒಂದೂ ದೋಷವಿಲ್ಲ. ನಾನು ಸಮಾಧಾನಪಟ್ಟೆ, ಅವರು ಪಡಲಿಲ್ಲ. ದೋಷದ ಕೋಡ್‌ಗಳನ್ನು ಅಳಿಸಿದ ಮೇಲೆ ಕಾರು ಎಷ್ಟು ದೂರ ಓಡಿದೆ ಎಂಬ ಲೆಕ್ಕವೂ ಎಂಜಿನ್ನಿನ ಕಂಪ್ಯೂಟರಿನಲ್ಲಿರುತ್ತದೆ. ಅದನ್ನು ತೆರೆದರು. ಮೂವತ್ತೆಂಟು ಕಿಲೋಮೀಟರ್, ಅಂದರೆ ಈಚೆಗಷ್ಟೇ ಅಳಿಸಿದ್ದಾರೆ. ಕೆಳಗೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳ ಪಟ್ಟಿ. ಅರ್ಧಕ್ಕರ್ಧ ‘ಅಪೂರ್ಣ’.

ಬ್ಯಾಟರಿ ಬದಲಿಸಿದೆವು, ಅದಕ್ಕೇ ಹೀಗೆ ಎಂದು ಮಳಿಗೆಯವರು ಹೇಳಿದರು. ಹಲವು ಕಾರುಗಳಲ್ಲಿ ಬ್ಯಾಟರಿ ಕಳಚಿದರೂ ಹೀಗಾಗುವುದು ನಿಜ. ಆದರೆ ಬಾನೆಟ್ಟಿನ ಕೆಳಗಿದ್ದ ಬ್ಯಾಟರಿಯ ಮೇಲೆ ಮೂರು ವರ್ಷದ ಹಿಂದಿನ ತಾರೀಖಿತ್ತು. “ಸಾರ್, ನಾಲ್ಕು ದಿನ ಓಡಿಸಲು ಬಿಡಲಿ, ಆಮೇಲೆ ಮತ್ತೆ ಸ್ಕ್ಯಾನ್ ಮಾಡೋಣ” ಎಂದರು ಮೆಕ್ಯಾನಿಕ್. ಮಾನಿಟರ್‌ಗಳು ಪೂರ್ಣಗೊಳ್ಳಲು ತಣ್ಣಗಿನ ಸ್ಟಾರ್ಟ್, ಊರಿನ ನಿಧಾನ ಓಟ, ಹೆದ್ದಾರಿಯ ಒಂದೇ ಸಮನೆಯ ಓಟ ಎಲ್ಲವೂ ಬೇಕು. ಮಳಿಗೆ ಒಪ್ಪಿದ್ದು ಐದು ಕಿಲೋಮೀಟರ್‌ಗೆ.

ಇದು ನನ್ನನ್ನು ಬಹಳ ಕೆರಳಿಸಿತು. ಹಳೆಯ ಕಾರಿನಲ್ಲಿ ದೋಷವಿರುವುದು ತಪ್ಪಲ್ಲ. ಹೇಳಿದರೆ ಬೆಲೆ ಇಳಿಸಿಕೊಂಡು ಕೊಳ್ಳಬಹುದು. ಕೊಳ್ಳುವವನ ಕಣ್ಣಿಗೆ ಬೀಳದಂತೆ ಹಿಂದಿನ ದಿನ ಅಳಿಸಿ ನಿಲ್ಲಿಸುವುದು ಮೋಸ. ಈಗ ಎಲ್ಲಿ ಕಾರು ನೋಡಿದರೂ ಸ್ಕ್ಯಾನರಿನಲ್ಲಿ ಅಳಿಸಿದ ಮೇಲಿನ ಕಿಲೋಮೀಟರ್ ಮತ್ತು ಮಾನಿಟರ್‌ಗಳ ಪಟ್ಟಿ, ಈ ಎರಡನ್ನೇ ಮೊದಲು ತೆರೆಸುತ್ತೇನೆ.

ಸರ್ವಿಸ್ ದಾಖಲೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಿಲೋಮೀಟರ್ ಎಣಿಸುವ ದಾಖಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಂಜಿನ್ ನಿಂತಲ್ಲೇ ಉರಿದ ಗಂಟೆಗಳನ್ನು ಎಣಿಸುವುದಿಲ್ಲ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ತೆಳುವಾದ ಆಯಿಲ್ ಪದರದ ಮೇಲೆ. 15,000 ಕಿಲೋಮೀಟರ್‌ಗೊಮ್ಮೆ ಆಯಿಲ್ ಬದಲಿಸಿದ ಮುದ್ರೆಗಿಂತ ನಡುವೆ ಇನ್ನೊಮ್ಮೆ ಬದಲಿಸಿದ ಬಿಲ್ ಕಂಡರೆ ನನಗೆ ಧೈರ್ಯ. ಗೇರ್‌ಬಾಕ್ಸ್ ಆಯಿಲ್ ಜೀವಮಾನವಿಡೀ ಬಾಳುತ್ತದೆ ಎಂದರೆ ಒಪ್ಪಬೇಡಿ. ಅನೇಕ ಐಷಾರಾಮಿ ಕಾರುಗಳ ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ 80,000ದಿಂದ 1.2 ಲಕ್ಷ ಕಿಲೋಮೀಟರ್ ಒಳಗೆ ಬದಲಿಸಲು ಹೇಳುತ್ತದೆ.



ಕೊನೆಗೆ ಕೊಂಡದ್ದು ಮಾಲೀಕರೊಬ್ಬರಿಂದ ನೇರವಾಗಿ, ಒಂದು ಪೆಟ್ರೋಲ್ ಟರ್ಬೊ. ಮೆಕ್ಯಾನಿಕ್‌ಗೆ 4,500 ರೂಪಾಯಿ ಕೊಟ್ಟೆ. ಬೆಳಿಗ್ಗೆ ಆರೂವರೆಗೆ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ಎಂಜಿನ್ ತಣ್ಣಗಿದೆಯೆಂದು ನೋಡಿಕೊಂಡೇ ಸ್ಟಾರ್ಟ್ ಮಾಡಿಸಿದರು. ಎಂಜಿನ್ ಆರಿಸಿದ ಮೇಲೆ ಗಾಳಿ ಹೋಗುವ ಪೈಪ್ ಬಿಚ್ಚಿ ಟರ್ಬೊದ ಶಾಫ್ಟ್ ಅಲ್ಲಾಡಿಸಿದರು. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಚಿಂತೆಯಿಲ್ಲ, ಒಳಗೆ ಹೊರಗೆ ಆಡಿದರೆ ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಬೇಡ ಎಂದರು. ಕನಕಪುರ ರಸ್ತೆಯ ಏರಿನಲ್ಲಿ ಮೂರನೆಯ ಗೇರಿನಲ್ಲಿ ಒತ್ತಿದಾಗ ಸಣ್ಣ ಸೀಟಿ ಶಬ್ದ ಕೇಳಿಸಿತು. ಟರ್ಬೊದಿಂದ ಬರುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ನ ಪೈಪಿನ ಜೋಡಣೆಯಲ್ಲಿ ಸೋರಿಕೆ, ರಿಪೇರಿಗೆ 9,000. ಅದನ್ನು ತೋರಿಸಿ ಬೆಲೆಯಲ್ಲಿ 40,000 ಇಳಿಸಿಕೊಂಡೆ. ಎರಡು ವರ್ಷ, 31,000 ಕಿಲೋಮೀಟರ್ ಆಗಿದೆ. ಒಂದು ಇಗ್ನಿಷನ್ ಕಾಯಿಲ್ ಬಿಟ್ಟರೆ ಬೇರೇನೂ ಕೆಟ್ಟಿಲ್ಲ.

ನನ್ನ ಕೈಯಲ್ಲಿ 16 ಲಕ್ಷವಿತ್ತು. ಕಾರಿಗೆ 14 ಹಾಕಿ ಎರಡನ್ನು ರಿಪೇರಿಗೆಂದು ಬ್ಯಾಂಕಿನಲ್ಲೇ ಬಿಟ್ಟೆ. ಕಚೇರಿ ಏಳು ಕಿಲೋಮೀಟರ್ ದೂರ. ಅಷ್ಟು ಸಣ್ಣ ಓಡಾಟದಲ್ಲಿ ಡೀಸೆಲ್ ಕಾರಿನ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಆ ಮಸಿಯನ್ನು ಸುಟ್ಟುಕೊಳ್ಳುವಷ್ಟು ಬಿಸಿಯಾಗುವುದಿಲ್ಲ, ಕಟ್ಟಿಕೊಳ್ಳುತ್ತದೆ. ಆದ್ದರಿಂದ ನನಗೆ ಪೆಟ್ರೋಲೇ ಸರಿ. ದಿನಾ ಹೆದ್ದಾರಿಯಲ್ಲಿ ಮೈಸೂರಿಗೆ ಹೋಗಿ ಬರುವವರು ಡೀಸೆಲ್ ನೋಡಬಹುದು. ನಂಬುವ ಮೆಕ್ಯಾನಿಕ್ ಸಿಗದಿದ್ದರೆ ಪ್ರಮಾಣಪತ್ರದ ಕಾರನ್ನೇ ಕೊಳ್ಳಿ, ಆದರೆ ವಾರಂಟಿಯಲ್ಲಿ ಟರ್ಬೊ ಎಂಬ ಪದ ಸೇರಿಸಿ ಸಹಿ ಹಾಕಿಸಿಕೊಂಡ ಮೇಲೆಯೇ.