ಸ್ಕ್ರೂ ಇಡುವ ಡ್ರಾಯರ್ ಪೆಟ್ಟಿಗೆಯಲ್ಲಿ ಇಂಕ್ ಪೆನ್ನಿನ ಸಾಮಾನು: ಐದು ಮಳೆಗಾಲದ ಅನುಭವ

ಐದು ವರ್ಷದ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಶಿವಮೊಗ್ಗದ ಒಂದು ಹಾರ್ಡ್‌ವೇರ್ ಅಂಗಡಿಯಿಂದ ಈ ಪ್ಲಾಸ್ಟಿಕ್ ಡ್ರಾಯರ್ ಪೆಟ್ಟಿಗೆ ತಂದೆ. ಸ್ಕ್ರೂ, ವಾಷರ್, ಫ್ಯೂಸ್ ಅಂತ ಚಿಲ್ಲರೆ ಸಾಮಾನು ಇಟ್ಟುಕೊಳ್ಳಲು ಎಲೆಕ್ಟ್ರಿಷಿಯನ್‌ಗಳು, ಟಿವಿ ರಿಪೇರಿಯವರು ಬಳಸುತ್ತಾರಲ್ಲ, ಅದೇ. ಮೇಲೆ 16 ಸಣ್ಣ ಡ್ರಾಯರ್, ಕೆಳಗೆ 4 ದೊಡ್ಡವು. ಚೌಕಟ್ಟು ನೀಲಿ, ಡ್ರಾಯರ್‌ಗಳು ಗಾಜಿನ ಹಾಗೆ ಒಳಗಿನದ್ದು ಕಾಣುವಂಥವು. ಆಗ 850 ರೂಪಾಯಿ ಕೊಟ್ಟಿದ್ದೆ. ಅದಕ್ಕೂ ಮೊದಲು ನನ್ನ ಇಂಕ್ ಪೆನ್ನಿನ ಸಾಮಾನೆಲ್ಲ ಎರಡು ಬಿಸ್ಕತ್ ಡಬ್ಬಿಯಲ್ಲಿ, ಒಂದು ಶೂ ಪೆಟ್ಟಿಗೆಯಲ್ಲಿ ಇತ್ತು.

ತಂದ ಹೊಸದರಲ್ಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಆದರೆ ನಮ್ಮದು ಮಲೆನಾಡಿನ ಸಾಗರ ಪಟ್ಟಣದ ಹತ್ತಿರದ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಸರಿಯಾಗಿ ಒಣಗುವುದಿಲ್ಲ, ಮೂಲೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು ಬರುತ್ತದೆ, ಬೀರುವಿನ ಬಾಗಿಲು ಉಬ್ಬಿ ಹಾಕಲಾಗುವುದಿಲ್ಲ. ಇಂಥ ಕಡೆ ಯಾವ ಪೆಟ್ಟಿಗೆ ಒಳ್ಳೆಯದು ಎನ್ನಬೇಕಾದರೆ ಅದು ನಾಲ್ಕಾರು ಸಲ ಆರಿದ್ರಾ ಮಳೆ ಕಂಡಿರಬೇಕು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಸಣ್ಣ ಬಿಡಿಭಾಗಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ. ಇಂಕ್ ಪೆನ್ ಬಳಸುವವರಿಗೆ ಗೊತ್ತು, ಒಂದು ಕಂಪನಿಯ ಕನ್ವರ್ಟರ್ (ಬಾಟಲಿಯಿಂದ ಇಂಕು ಎಳೆದುಕೊಳ್ಳಲು ಪೆನ್ನಿನೊಳಗೆ ಹಾಕುವ ಸಣ್ಣ ನಳಿಗೆ) ಎಷ್ಟೋ ಸಲ ಇನ್ನೊಂದಕ್ಕೆ ಕೂರುವುದಿಲ್ಲ. ಪೈಲಟ್ ಪೆನ್ನಿಗೆ ಕಾನ್-40, ಕಾನ್-70. ಲ್ಯಾಮಿ ಸಫಾರಿಗೆ ಝಡ್28. ಸ್ಟ್ಯಾಂಡರ್ಡ್ ಇಂಟರ್‌ನ್ಯಾಷನಲ್ ಎಂಬ, ಹಲವು ಕಂಪನಿಗಳು ಬಳಸುವ ಅಳತೆಯ ಪೆನ್ನುಗಳಿಗೆ ಶ್ಮಿಟ್ ಕೆ5. ನೋಡಲು ಎಲ್ಲವೂ ಒಂದೇ ಥರ ಕಾಣುತ್ತವೆ. ಬಿಸ್ಕತ್ ಡಬ್ಬಿಯಲ್ಲಿ ಇವೆಲ್ಲ ಕಲಸಿಹೋಗಿದ್ದಾಗ ಒಂದೊಂದನ್ನೇ ತುರುಕಿ ನೋಡುತ್ತಿದ್ದೆ. ಹಾಗೆ ಒತ್ತಿ ಒತ್ತಿ ಒಂದು ಕನ್ವರ್ಟರ್‌ನ ಬಾಯಿಯೇ ಸಡಿಲವಾಯಿತು. ಆಮೇಲೆ ಅದು ಯಾವ ಪೆನ್ನಿಗೂ ಬರಲಿಲ್ಲ, ಎಲ್ಲಕ್ಕೂ ಸೋರಿತು. ಈಗ ಕನ್ವರ್ಟರ್‌ಗಳಿಗೆ ನಾಲ್ಕು ಡ್ರಾಯರ್, ಒಂದೊಂದು ಜಾತಿಗೆ ಒಂದೊಂದು. ಹೋದ ವರ್ಷ ಅಕ್ಕನ ಮಗ ಬಂದವನು, "ಮಾಮಾ, ನನ್ನ ಪೆನ್ನಿಗೆ ಕನ್ವರ್ಟರ್ ಸಿಗತ್ತಾ?" ಅಂತ ಕೇಳಿದ. ಅವನ ಪೆನ್ ಬಿಚ್ಚಿ ನೋಡಿ, ಎರಡನೇ ಸಾಲಿನ ಮೂರನೇ ಡ್ರಾಯರ್ ಎಳೆದು ಕೊಟ್ಟೆ. ಅರ್ಧ ನಿಮಿಷವೂ ಆಗಲಿಲ್ಲ. ಅವತ್ತು ತುಂಬಾ ಖುಷಿಯಾಯಿತು.

ನಿಬ್ಬುಗಳಿಗೂ ಇದೇ ಜಾಗ, ಆದರೆ ಇಲ್ಲಿ ಒಂದು ಎಚ್ಚರಿಕೆ. ಈ ಡ್ರಾಯರ್‌ಗಳನ್ನು ತಡೆಯುವುದು ಹಿಂಬದಿಯ ಒಂದು ಸಣ್ಣ ಪ್ಲಾಸ್ಟಿಕ್ ಕೊಕ್ಕೆ ಮಾತ್ರ. ಎರಡನೇ ವರ್ಷ ಅಂಥ ಎರಡು ಕೊಕ್ಕೆ ಮುರಿದವು. ಅದರಲ್ಲಿ ಒಂದು ನಿಬ್ಬಿನ ಡ್ರಾಯರ್. ಸ್ವಲ್ಪ ಜೋರಾಗಿ ಎಳೆದೆ, ಇಡೀ ಡ್ರಾಯರ್ ಕೈಗೆ ಬಂದು ಅದರಲ್ಲಿದ್ದದ್ದು ನೆಲಕ್ಕೆ ಬಿತ್ತು. ನಮ್ಮದು ಕೆಂಪು ಸಿಮೆಂಟಿನ ನೆಲ. ಆರು ನಿಬ್ಬಿನಲ್ಲಿ ಒಂದರ ಎಸಳು ಬಾಗಿತು. ಅದು ನಾನು ಬಹಳ ದಿನ ಕಾದು ತರಿಸಿಕೊಂಡಿದ್ದ ನಿಬ್ಬು, ಈಗಲೂ ನೆನೆದರೆ ಬೇಜಾರಾಗುತ್ತದೆ. ಅಂದಿನಿಂದ ಪ್ರತಿ ನಿಬ್ಬೂ ಒಂದೊಂದು ಸಣ್ಣ ಜಿಪ್ ಕವರಿನಲ್ಲಿ, ಒಂದು ತುಂಡು ಹತ್ತಿಬಟ್ಟೆಯ ನಡುವೆ ಮಲಗುತ್ತದೆ. ಕವರಿನ ಮೇಲೆ ಅಳತೆ, ಎಷ್ಟು ಸಣ್ಣಗೆ ಬರೆಯುತ್ತದೆ, ಯಾವ ಪೆನ್ನಿನಿಂದ ತೆಗೆದದ್ದು ಅಂತ ಬರೆದಿರುತ್ತೇನೆ. 35 ಮಿಲಿಮೀಟರ್ ಉದ್ದದ ನಿಬ್ಬುಗಳೆಲ್ಲ ಒಂದು ಕಡೆ, ಅದಕ್ಕಿಂತ ಸಣ್ಣವು ಇನ್ನೊಂದು ಕಡೆ.

ಲೇಬಲ್ ವಿಷಯದಲ್ಲಿ ಮೊದಲ ಮಳೆಗಾಲವೇ ಪಾಠ ಕಲಿಸಿತು. ಅಂಗಡಿಯಲ್ಲಿ ಸಿಗುವ ಬಿಳಿ ಸ್ಟಿಕ್ಕರ್ ತಂದು ಪ್ರತಿ ಡ್ರಾಯರಿನ ಮುಂದೆ ಅಂಟಿಸಿದ್ದೆ. ಜುಲೈ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಸುರುಳಿಯಾಗಿ ಎದ್ದು ಬಂದವು, ಮೇಲಿನ ಅಕ್ಷರ ಕಲಸಿಹೋಯಿತು. ಈಗ ದಪ್ಪ ಕಾಗದದ ಚೀಟಿಯನ್ನು ಡ್ರಾಯರಿನ ಒಳಗಡೆ, ಮುಂದಿನ ಗೋಡೆಗೆ ತಾಗಿಸಿ ನಿಲ್ಲಿಸುತ್ತೇನೆ. ಅಂಟೇ ಬೇಡ. ಹೊರಗಿನಿಂದ ಓದಲು ಆಗುತ್ತದೆ, ಸಾಮಾನು ಬದಲಾದರೆ ಚೀಟಿ ಬದಲಿಸಿದರಾಯಿತು. ಬರೆಯುವುದು ಐರನ್ ಗಾಲ್ ಇಂಕಿನಲ್ಲಿ. ನಮ್ಮಲ್ಲಿ ಹಿಂದೆ ಅಣಲೆಕಾಯಿ, ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಜಾತಿಯದ್ದು. ಗಾಳಿ ತಾಗಿದ ಮೇಲೆ ಕಪ್ಪಾಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ತೇವಕ್ಕೆ ಹರಡುವುದಿಲ್ಲ. ಐದು ವರ್ಷದ ಹಿಂದಿನ ಎರಡು ಚೀಟಿ ಇನ್ನೂ ಹಾಗೇ ಇವೆ.

ಇನ್ನು ಈ ಪೆಟ್ಟಿಗೆ ಎಲ್ಲಿ ಸೋತಿತು ಎನ್ನುವುದು. ನನಗೆ ಮುಖ್ಯವಾಗಿ ಹೇಳಬೇಕಾದ್ದು ಇದೇ.

ಹೊಸತರಲ್ಲಿ ಎಲ್ಲವನ್ನೂ ಇದರೊಳಗೇ ಇಡಬೇಕು ಅನ್ನುವ ಆಸೆ ನನಗಿತ್ತು. ಕೆಳಗಿನ ದೊಡ್ಡ ಡ್ರಾಯರ್‌ಗಳಲ್ಲಿ ಇಂಕಿನ ಬಾಟಲಿ, ಚೀಟಿ ಕಾಗದ, ಅದ್ದಿ ಬರೆಯುವ ನಿಬ್ಬು, ಹಳೆಯ ಪೆನ್ನು ಎಲ್ಲ ತುಂಬಿದೆ. ಪ್ರತಿ ಡ್ರಾಯರಿನಲ್ಲೂ ಸಿಲಿಕಾ ಜೆಲ್ ಪೊಟ್ಟಣ ಹಾಕಿದೆ. ತೇವ ಹೀರಿದರೆ ಕಿತ್ತಳೆ ಬಣ್ಣದಿಂದ ಹಸಿರಾಗುವಂಥ ಮಣಿಗಳು. ಎರಡೇ ದಿನಕ್ಕೆ ಎಲ್ಲವೂ ಹಸಿರಾದವು. ಒಣಗಿಸಿ ಹಾಕಿದೆ, ಮತ್ತೆ ಎರಡು ದಿನ. ಕಾರಣ ತುಂಬಾ ಸರಳ. ಡ್ರಾಯರ್ ಮತ್ತು ಚೌಕಟ್ಟಿನ ನಡುವೆ ಸುತ್ತಲೂ ಸಂದು ಇದೆ, ಹೊರಗಿನ ಗಾಳಿ ಬರುತ್ತಲೇ ಇರುತ್ತದೆ. ಮುಚ್ಚಳ ಬಿಗಿಯಾಗಿಲ್ಲದ ಕಡೆ ಸಿಲಿಕಾ ಜೆಲ್ ಇಟ್ಟರೆ ಇಡೀ ಊರಿನ ತೇವವನ್ನು ಅದೇ ಹೀರಬೇಕಾಗುತ್ತದೆ. ಸುಮ್ನೆ ದುಡ್ಡು ದಂಡ.

ಆ ವರ್ಷ ಅದ್ದಿ ಬರೆಯುವ ನಿಬ್ಬುಗಳಿಗೆ ತುಕ್ಕು ಹಿಡಿಯಿತು. ಇಂಕ್ ಪೆನ್ನಿನ ನಿಬ್ಬು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನದು, ಅಷ್ಟು ಬೇಗ ಹಾಳಾಗುವುದಿಲ್ಲ. ಕ್ಯಾಲಿಗ್ರಫಿಯ ಜಿ ನಿಬ್ಬಿನಂಥವು ಹಾಗಲ್ಲ, ತೇವ ಸಿಕ್ಕರೆ ಸಾಕು. ಕಾಗದದ್ದೂ ಅದೇ ಕತೆ. ಜೋಪಾನವಾಗಿಟ್ಟಿದ್ದ 52 ಜಿಎಸ್‌ಎಂ ಟೊಮೊಯೆ ರಿವರ್ (ಇಂಕ್ ಪೆನ್ನಿಗೆ ಒಪ್ಪುವ ತುಂಬಾ ತೆಳ್ಳಗಿನ ಜಪಾನಿ ಕಾಗದ) ಹಾಳೆ ಅಲೆಯಲೆಯಾಗಿ ಸೊಟ್ಟಗಾಯಿತು, ಒಳ್ಳೆಯ ನೋಟ್‌ಬುಕ್ಕುಗಳಲ್ಲೂ ಇಂಕು ಗೆರೆ ಬಿಟ್ಟು ಹರಡತೊಡಗಿತು. ನಮ್ಮ ಅಜ್ಜ ಲೆಕ್ಕದ ಪುಸ್ತಕಗಳನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಒಲೆಯ ಬಿಸಿಗೆ, ಹೊಗೆಗೆ ಅವು ಮಳೆಗಾಲದಲ್ಲೂ ಗರಿಗರಿಯಾಗಿ ಇರುತ್ತಿದ್ದವು, ಹುಳವೂ ಹತ್ತುತ್ತಿರಲಿಲ್ಲ. ಈಗ ಅಡುಗೆಮನೆಯಲ್ಲಿ ಗ್ಯಾಸು, ಅಟ್ಟಕ್ಕೆ ಬಿಸಿಯೂ ಇಲ್ಲ, ಹೊಗೆಯೂ ಇಲ್ಲ.

ಈಗ ಕಾಗದ, ಅದ್ದಿ ಬರೆಯುವ ನಿಬ್ಬು ಎರಡೂ ರಬ್ಬರ್ ಅಂಚಿನ, ನಾಲ್ಕು ಕಡೆ ಲಾಕ್ ಬೀಳುವ ತಿಂಡಿ ಡಬ್ಬಿಗಳಲ್ಲಿವೆ. ಒಂದು ಡಬ್ಬಿಗೆ 50 ಗ್ರಾಂ ಸಿಲಿಕಾ ಜೆಲ್. ಆಗಾಗ ತೆರೆಯದಿದ್ದರೆ ಒಂದೂವರೆ ತಿಂಗಳು ಕಿತ್ತಳೆಯಾಗಿಯೇ ಇರುತ್ತದೆ. ಹಸಿರಾದರೆ ಅಡುಗೆಗೆ ಬಳಸದ ಒಂದು ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತೇನೆ, ಬಣ್ಣ ತಿರುಗುತ್ತದೆ. ಕಾಗದವನ್ನು ಡಬ್ಬಿಗೆ ಹಾಕುವುದು ಮಾತ್ರ ಮೇ ತಿಂಗಳಲ್ಲಿ, ಅದು ಪೂರ್ತಿ ಒಣಗಿರುವಾಗ. ತೇವ ಹಿಡಿದ ಮೇಲೆ ಹಾಕಿ ಮುಚ್ಚಿದರೆ ಒಳಗೇ ಬೂಷ್ಟು ಬರುತ್ತದೆ.

ಹುಳಕ್ಕೆ ಅಂತ ಮೊದಲ ವರ್ಷ ಎರಡು ನುಸಿ ಗುಳಿಗೆಯನ್ನೂ ಹಾಕಿದ್ದೆ. ದಯವಿಟ್ಟು ಹಾಕಬೇಡಿ. ಗುಳಿಗೆ ತಾಗಿಕೊಂಡಿದ್ದ ಜಾಗದಲ್ಲಿ ಡ್ರಾಯರಿನ ತಳ ಮೆತ್ತಗಾಗಿ, ಮಂಜು ಕವಿದ ಹಾಗೆ ಆಯಿತು. ನ್ಯಾಫ್ತಲೀನ್‌ಗೂ ಕೆಲವು ಪ್ಲಾಸ್ಟಿಕ್‌ಗಳಿಗೂ ಆಗಿಬರುವುದಿಲ್ಲ. ಅಲ್ಲಿ ಪೆನ್ನು ಇದ್ದಿದ್ದರೆ? ಈಗ ಒಣಗಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡುತ್ತೇನೆ.

ಪೆನ್ನುಗಳನ್ನು ಈ ಪೆಟ್ಟಿಗೆಯಿಂದ ಪೂರ್ತಿ ಹೊರಗೆ ತಂದಿದ್ದೇನೆ. ಅದಕ್ಕೆ ಎರಡು ಕಾರಣ. ಒಂದು, ಪೆಟ್ಟಿಗೆ ಕಿಟಕಿಯ ಪಕ್ಕ ಇತ್ತು. ಡ್ರಾಯರ್‌ಗಳಿಗೆ ಬೆಳಕಿನ ತಡೆ ಇಲ್ಲ. ಒಂದೇ ಬೇಸಿಗೆಗೆ ನನ್ನ ಕಪ್ಪು ಎಬೊನೈಟ್ ಪೆನ್ನಿನ ಒಂದು ಮಗ್ಗುಲು ಕಂದು ಬಣ್ಣಕ್ಕೆ ತಿರುಗಿತು. ಎಬೊನೈಟ್ ಎಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್, ಬಿಸಿಲು ಬಿದ್ದರೆ ಅದರ ಬಣ್ಣ ಹೋಗುತ್ತದೆ. ಎರಡನೆಯದು, ಇಂಕು ತುಂಬಿದ ಪೆನ್ನು ನಿಬ್ಬು ಮೇಲಾಗಿ ನಿಂತಿರಬೇಕು. ಇಲ್ಲಿ ಮಲಗಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಬಳಕೆಯಲ್ಲಿರುವ ಮೂರು ಪೆನ್ನು ಈಗ ಮೇಜಿನ ಮೇಲೆ ಒಂದು ಲೋಟದಲ್ಲಿ ನಿಲ್ಲುತ್ತವೆ. ಉಳಿದವನ್ನು ತೊಳೆದು, ಒಣಗಿಸಿ ಬಟ್ಟೆಯ ಸಂಚಿಗೆ ಹಾಕುತ್ತೇನೆ. ಹೆಗ್ಗೋಡಿನ ಚರಕ ಎಂಬ ಸಹಕಾರ ಸಂಘದ ಕೈಮಗ್ಗದ ಬಟ್ಟೆ ತಂದು, ಎಲೆಯಡಿಕೆ ಸಂಚಿಯ ಹಾಗೆ ಒಂದರ ಪಕ್ಕ ಒಂದು ಜೇಬು ಇಟ್ಟು ನಮ್ಮೂರಿನ ಟೈಲರ್ ಹೊಲಿದುಕೊಟ್ಟರು. ಹತ್ತು ಪೆನ್ನು ಹಿಡಿಯುತ್ತದೆ, ಸುತ್ತಿ ಕಟ್ಟಬಹುದು. ನನ್ನಲ್ಲಿ ಒಂದು ಹಳೆಯ ಸೆಲ್ಯುಲಾಯ್ಡ್ ಪೆನ್ನೂ ಇದೆ. ಸೆಲ್ಯುಲಾಯ್ಡ್‌ಗೆ ಗಾಳಿಯಾಡಬೇಕು, ಬಿಗಿ ಡಬ್ಬಿಯಲ್ಲಿ ಇಡಬಾರದು. ಅದಕ್ಕೂ ಬಟ್ಟೆಯ ಸಂಚಿಯೇ ಸರಿ.

ಇಂಕಿನ ಬಾಟಲಿಗಳ ವಿಷಯಕ್ಕೆ ಬಂದರೆ, ಡ್ರಾಯರಿನಲ್ಲಿ ಅವನ್ನು ಇಡಲೇಬಾರದು ಎನ್ನುತ್ತೇನೆ. ಎಳೆದಾಗಲೆಲ್ಲ ಅಲುಗಾಡುತ್ತವೆ, ಭಾರಕ್ಕೆ ಡ್ರಾಯರಿನ ತಳ ಬಾಗುತ್ತದೆ. ನನ್ನ ಒಂದು ಬಾಟಲಿಯ ಮುಚ್ಚಳ ಸಡಿಲವಾಗಿ ರಾಯಲ್ ಬ್ಲೂ ಇಂಕು ಮೂರು ಡ್ರಾಯರಿಗೆ ಇಳಿದಿತ್ತು. ಈಗ ಅವು ಮರದ ಬೀರುವಿನ ಕೆಳಗಿನ ಖಾನೆಯಲ್ಲಿ, ತಮ್ಮ ತಮ್ಮ ರಟ್ಟಿನ ಪೆಟ್ಟಿಗೆಯೊಳಗೆ, ಒಂದು ಸ್ಟೀಲ್ ತಟ್ಟೆಯ ಮೇಲೆ ನಿಂತಿವೆ. ಕತ್ತಲು, ತಂಪು, ಚೆಲ್ಲಿದರೆ ತಟ್ಟೆಗೇ ಚೆಲ್ಲುತ್ತದೆ. ಪೆಟ್ಟಿಗೆಯ ಮೇಲೆ ಬಾಟಲಿ ತೆರೆದ ತಿಂಗಳು, ವರ್ಷ ಬರೆಯುತ್ತೇನೆ.

ಇಂಕಿಗೂ ಬೂಷ್ಟು ಬರುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಮೇಲೆ ತೆಳ್ಳಗಿನ ಪೊರೆ ಕಂಡರೆ, ಲೋಳೆಯಂಥದ್ದು ಎಳೆದು ಬಂದರೆ, ಮುಗ್ಗಲು ವಾಸನೆ ಬಂದರೆ ಆ ಬಾಟಲಿಯನ್ನು ಚೆಲ್ಲಿಬಿಡಿ. ಅದನ್ನು ತುಂಬಿದ್ದ ಪೆನ್ನನ್ನೂ, ಸಿರಿಂಜನ್ನೂ ಚೆನ್ನಾಗಿ ತೊಳೆಯದೆ ಇನ್ನೊಂದು ಬಾಟಲಿಗೆ ಅದ್ದಬೇಡಿ. ಪೆನ್ನಿನಲ್ಲಿ ಉಳಿದ ಇಂಕನ್ನು ನಾನು ಎಂದೂ ವಾಪಸ್ಸು ಬಾಟಲಿಗೆ ಬಿಡುವುದಿಲ್ಲ.

ದಿನಬಳಕೆಗೆ ಬೇಕಾದ ಸಾಮಾನಿಗೆ ಒಂದು ಒಗ್ಗರಣೆ ಡಬ್ಬಿ ಇಟ್ಟುಕೊಂಡಿದ್ದೇನೆ, ಏಳು ಬಟ್ಟಲಿನ ಸ್ಟೀಲ್ ಡಬ್ಬಿ. ಮೊಂಡು ಸೂಜಿಯ ಸಿರಿಂಜು, ನೀರು ಹಾಯಿಸಿ ತೊಳೆಯಲು ರಬ್ಬರ್ ಬಲ್ಬು, ಹತ್ತಿಬಟ್ಟೆಯ ತುಂಡು, ಬ್ಲಾಟಿಂಗ್ ಪೇಪರ್ ಚೂರು, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಓ-ರಿಂಗು (ಇಂಕು ಸೋರದ ಹಾಗೆ ಹಾಕುವ ಸಣ್ಣ ರಬ್ಬರ್ ಬಳೆ), ಅದಕ್ಕೆ ಹಚ್ಚುವ ಸಿಲಿಕೋನ್ ಗ್ರೀಸು. ಗ್ರೀಸು ಸಿಲಿಕೋನಿನದ್ದೇ ಇರಲಿ. ಮನೆಯಲ್ಲಿದೆ ಅಂತ ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಮೇಜಿನ ಮೇಲೆ ಮುಚ್ಚಳ ತೆಗೆದಿಟ್ಟರೆ ಎಲ್ಲವೂ ಕಣ್ಣೆದುರು. ಎತ್ತಿಕೊಂಡು ಓಡಾಡಲು ಮಾತ್ರ ಈ ಡಬ್ಬಿ ಆಗದು. ವಾಲಿದರೆ ಒಂದು ಬಟ್ಟಲಿನದ್ದು ಇನ್ನೊಂದಕ್ಕೆ ಸೇರುತ್ತದೆ, ಓ-ರಿಂಗು ಬಟ್ಟಲುಗಳ ಸಂದಿಗೆ ಜಾರಿದರೆ ಹುಡುಕುವುದು ಕಷ್ಟ.

ವರ್ಷಕ್ಕೊಮ್ಮೆ, ಆಯುಧ ಪೂಜೆಯ ಹಿಂದಿನ ದಿನ, ಪೆಟ್ಟಿಗೆಯ ಎಲ್ಲ 20 ಡ್ರಾಯರ್ ಹೊರಗೆ ತೆಗೆದು ತೊಳೆಯುತ್ತೇನೆ. ಮಳೆ ಮುಗಿದಿರುತ್ತದೆ, ಜಗುಲಿಯಲ್ಲಿ ಬಿಸಿಲು ಬೀಳುತ್ತದೆ. ಕನ್ವರ್ಟರ್‌ಗಳಲ್ಲಿ ನೀರು ಎಳೆದು ಪಿಸ್ಟನ್ ಸರಿಯಿದೆಯಾ ಅಂತ ನೋಡುವುದು, ಐರನ್ ಗಾಲ್ ತುಂಬಿದ ಪೆನ್ನನ್ನು ಖಾಲಿ ಮಾಡಿ ತೊಳೆಯುವುದು, ಬೇವಿನ ಎಲೆ ಬದಲಿಸುವುದು ಎಲ್ಲ ಅವತ್ತೇ. ಮಾರನೇ ದಿನ ಪೆನ್ನುಗಳನ್ನು ಪೂಜೆಗೆ ಇಡುವಾಗ ಅವು ಚೊಕ್ಕಟವಾಗಿರುವುದನ್ನು ನೋಡುವುದೇ ಒಂದು ಸಂತೋಷ.

ಈಗಿನ ಸ್ಥಿತಿ ಹೇಳಬೇಕೆಂದರೆ, ಪೆಟ್ಟಿಗೆ ಸ್ವಲ್ಪ ಹಳದಿಯಾಗಿದೆ. ಮುರಿದ ಕೊಕ್ಕೆಯ ಎರಡು ಡ್ರಾಯರ್‌ಗಳನ್ನು ಕೆಳಸಾಲಿಗೆ ಹಾಕಿ, ಬಿದ್ದರೂ ಪರವಾಗಿಲ್ಲದ ಕಾರ್ಟ್ರಿಜ್, ಕ್ಲಿಪ್ಪು, ರಬ್ಬರ್ ಬ್ಯಾಂಡ್ ಇಟ್ಟಿದ್ದೇನೆ. ಜಾಗವನ್ನು ಕಿಟಕಿಯಿಂದ ಒಳಗೋಡೆಗೆ ಬದಲಿಸಿದ್ದೇನೆ. ಬಿಡಿಭಾಗಗಳಿಗೆ ಅಂತಾದರೆ ನನ್ನ ಅಂಕ ಐದಕ್ಕೆ ನಾಲ್ಕೂವರೆ. ಪೆನ್ನು, ಇಂಕು, ಕಾಗದ ಎಲ್ಲಕ್ಕೂ ಇದೊಂದೇ ಸಾಕು ಅಂತ ಕೊಳ್ಳುವವರಿಗೆ ಎರಡು.

ಕೊಳ್ಳುವಾಗ ಒಂದು ಡ್ರಾಯರನ್ನು ಪೂರ್ತಿ ಎಳೆದು ಹಿಂದಿನ ಕೊಕ್ಕೆ ಎಷ್ಟು ದಪ್ಪ ಇದೆ ನೋಡಿ, ಸಾಧ್ಯವಾದರೆ ಒಂದು ಕನ್ವರ್ಟರ್ ಜೇಬಿನಲ್ಲಿ ಒಯ್ದು ಹಾಕಿ ನೋಡಿ. ನನ್ನ ಸಣ್ಣ ಡ್ರಾಯರ್ 13 ಸೆಂಟಿಮೀಟರ್ ಆಳ ಇದೆ, ಕನ್ವರ್ಟರ್‌ಗೆ ಧಾರಾಳ. ಅದೇ ಅಂಗಡಿಯಲ್ಲಿ 8 ಸೆಂಟಿಮೀಟರಿನದ್ದೂ ಇತ್ತು, 200 ರೂಪಾಯಿ ಕಡಿಮೆಗೆ. ಅದರಲ್ಲಿ ಕನ್ವರ್ಟರ್ ಹಿಡಿಯುತ್ತದೆ, ಆದರೆ ಜಿಪ್ ಕವರ್ ಸಮೇತ ಹಾಕಿದರೆ ಡ್ರಾಯರ್ ಮುಚ್ಚುವುದಿಲ್ಲ.