ಕಾಗಾವಾ, ನೀಗಾಟಾ, ವಾಕಯಾಮಾ: ಸಸ್ಯಾಹಾರಿಯೊಬ್ಬಳ ಊಟದ ಹೋಲಿಕೆ

ಜಪಾನಿನ ಯಾವುದಾದರೂ ಒಂದು ಸೀಮೆಯನ್ನು ಅಲ್ಲಿನ ಊಟ ಮತ್ತು ಪಾನೀಯಗಳ ಮೂಲಕವೇ ನೋಡಬೇಕೆಂದು ಬಯಸುವ ಸಸ್ಯಾಹಾರಿಗಳು ಕೇಳಿದರೆ ನಾನು ಹಿಂದುಮುಂದು ನೋಡದೆ ವಾಕಯಾಮಾ ಎನ್ನುತ್ತೇನೆ. ಉದ್ಯೋಗದ ನಿಮಿತ್ತ ಒಸಾಕಾದಲ್ಲಿ ನೆಲೆಸಿದ್ದಾಗ ಇದೇ ಉದ್ದೇಶಕ್ಕೆ ಹಣ ಕೂಡಿಟ್ಟುಕೊಂಡು ಮೂರು ಪ್ರಾಂತಗಳಿಗೆ ಹೋಗಿಬಂದೆ: ಉಡೊನ್ ಎಂಬ ದಪ್ಪ ಗೋಧಿ ನೂಡಲ್ಸ್‌ಗೆ ಹೆಸರಾದ ಕಾಗಾವಾ, ಅಕ್ಕಿಗೂ ಸಾಕೆ ಎಂಬ ಅಕ್ಕಿಯ ಮದ್ಯಕ್ಕೂ ಹೆಸರಾದ ನೀಗಾಟಾ, ಕೋಯಾ ಬೆಟ್ಟದ ಬೌದ್ಧ ಮಠಗಳಿರುವ ವಾಕಯಾಮಾ. ನಾನು ಮೀನು, ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಸಾಕೆಯನ್ನು ಮಿತವಾಗಿ ಕುಡಿಯುತ್ತೇನೆ. ನನ್ನ ಗಂಡ ಉಡುಪಿಯ ಕಡೆಯವರು, ಮೀನಿಲ್ಲದಿದ್ದರೆ ಊಟ ಸಪ್ಪೆ ಎನ್ನುವವರು. ಹೀಗಾಗಿ ಒಂದೇ ಮೇಜಿನಲ್ಲಿ ಕುಳಿತು ಒಂದೇ ಸೀಮೆಯ ಬಗ್ಗೆ ನಾವಿಬ್ಬರೂ ಬೇರೆ ಬೇರೆ ತೀರ್ಮಾನಕ್ಕೆ ಬಂದದ್ದುಂಟು. ಅವರ ಮಾತನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ಮೊದಲು ಹೋದದ್ದು ಕಾಗಾವಾಕ್ಕೆ. ಒಕಾಯಾಮಾದಿಂದ ಹೊರಡುವ ರೈಲು 1988ರಲ್ಲಿ ತೆರೆದ ಸೆಟೊ ಮಹಾಸೇತುವೆಯ ಮೇಲೆ ಒಳಸಮುದ್ರವನ್ನು ದಾಟಿ ಸುಮಾರು ಒಂದು ಗಂಟೆಯಲ್ಲಿ ತಾಕಾಮಾತ್ಸು ತಲುಪಿಸುತ್ತದೆ. ವಿಸ್ತೀರ್ಣದಲ್ಲಿ ಇದು ಜಪಾನಿನ ಅತಿ ಚಿಕ್ಕ ಪ್ರಾಂತ. ಮಳೆ ಕಡಿಮೆ, ಹೇಳಿಕೊಳ್ಳುವಂಥ ನದಿಯಿಲ್ಲ. ಕೆರೆ ಕಟ್ಟಿಯೇ ಬೇಸಾಯ ಮಾಡಿದ ನಾಡು. ಇಲ್ಲಿನ ಮನ್ನೊ ಕೆರೆಯ ಏರಿ ಒಡೆದಾಗ ಅದನ್ನು 821ರಲ್ಲಿ ಮತ್ತೆ ಕಟ್ಟಿಸಿದವರು ಇದೇ ಸೀಮೆಯಲ್ಲಿ ಹುಟ್ಟಿದ ಭಿಕ್ಷು ಕೂಕಾಯ್. ಉಡೊನ್ ಮಾಡುವ ವಿದ್ಯೆಯನ್ನು ಚೀನಾದಿಂದ ತಂದವರೂ ಅವರೇ ಎಂದು ಸ್ಥಳೀಯರು ನಂಬುತ್ತಾರೆ. ಗೋಧಿ, ಕಡಲತೀರದ ಉಪ್ಪು, ಎದುರಿನ ಶೋದೊಶಿಮಾ ದ್ವೀಪದ ಸೋಯಾ ಸಾಸ್, ಇಬುಕಿ ದ್ವೀಪದ ಒಣಮೀನು ಇವೆಲ್ಲ ಕೈಗೆಟಕುವಲ್ಲೇ ಇದ್ದುದರಿಂದ ಉಡೊನ್ ಇಲ್ಲಿ ದಿನನಿತ್ಯದ ಊಟವಾಯಿತು. 2011ರಿಂದ ಈ ಪ್ರಾಂತ ಉಡೊನ್ ಪ್ರಾಂತವೆಂದೇ ಪ್ರಚಾರ ಮಾಡಿಕೊಳ್ಳುತ್ತಿದೆ.

ಬೆಲೆಯ ವಿಷಯದಲ್ಲಿ ಕಾಗಾವಾಕ್ಕೆ ಸಾಟಿಯಿಲ್ಲ. ನಾವೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಅಂಗಡಿಗಳಲ್ಲಿ ಚಿಕ್ಕ ಬಟ್ಟಲು 300–400 ಯೆನ್‌ಗೆ ಸಿಗುತ್ತಿತ್ತು, ಮತ್ತು ಆ ಹಣಕ್ಕೆ ಸಿಗುವ ನೂಡಲ್ಸ್‌ನ ಹದ ಬೇರೆಲ್ಲೂ ಕಾಣದಂಥದ್ದು. ಹಿಟ್ಟು, ಉಪ್ಪು, ನೀರು ಬಿಟ್ಟರೆ ಅದರಲ್ಲಿ ಬೇರೇನೂ ಇರುವುದಿಲ್ಲ. ಕೋತೊಹಿರದಲ್ಲಿ ಉಡೊನ್ ಮಾಡಲು ಕಲಿಸುವ ತರಗತಿಯೊಂದಕ್ಕೆ ಸೇರಿದ್ದಾಗ, ಒಂದು ಪಾಲು ಉಪ್ಪಿಗೆ ಬೇಸಿಗೆಯಲ್ಲಿ ಮೂರು ಪಾಲು ನೀರು, ಚಳಿಗಾಲದಲ್ಲಿ ಆರು, ಉಳಿದ ಕಾಲದಲ್ಲಿ ಐದು ಎಂಬ ಹಳೆಯ ಲೆಕ್ಕವನ್ನು ಹೇಳಿಕೊಟ್ಟರು; ಸೆಕೆಗೆ ಹಿಟ್ಟು ಬೇಗ ಸಡಿಲಗೊಳ್ಳುವುದನ್ನು ಹೆಚ್ಚಿನ ಉಪ್ಪು ತಡೆಯುತ್ತದೆಯಂತೆ. ಕಲಸಿದ ಹಿಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಕಾಲಿನಿಂದ ತುಳಿದು, ಮಡಚಿ, ಮತ್ತೆ ತುಳಿಯಬೇಕು. ಮೊದಲು ಹರಳುಹರಳಾಗಿ ಬಿರಿಯುತ್ತಿದ್ದ ಹಿಟ್ಟು ಹಿಮ್ಮಡಿಯ ಕೆಳಗೇ ನಯವಾಗುತ್ತ, ಕೊನೆಗೆ ಕಾಲನ್ನು ಹಿಂದಕ್ಕೆ ತಳ್ಳುವಷ್ಟು ಬಿಗಿಯಾಗುವುದು ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ತೊಡಕಿರುವುದು ನೂಡಲ್ಸ್‌ನಲ್ಲಲ್ಲ, ಅದರ ಜೊತೆಗಿನ ದಾಶಿಯಲ್ಲಿ. ದಾಶಿ ಎಂದರೆ ಜಪಾನಿನ ಅಡುಗೆಗೆಲ್ಲ ಆಧಾರವಾದ ತಿಳಿಸಾರು. ಕಾಗಾವಾದಲ್ಲಿ ಅದನ್ನು ಮುಖ್ಯವಾಗಿ ಇರಿಕೊದಿಂದ, ಅಂದರೆ ಬೆರಳುದ್ದದ ಮೀನನ್ನು ಕುದಿಸಿ ಒಣಗಿಸಿದ್ದರಿಂದ ಮಾಡುತ್ತಾರೆ. ಅಂಗಡಿಯ ಬಾಗಿಲಿನಲ್ಲೇ ಅದರ ವಾಸನೆ ಮೂಗಿಗೆ ಬಡಿಯುತ್ತದೆ; ನನ್ನ ಗಂಡನಿಗೆ ಅದೇ ಹಸಿವು ಕೆರಳಿಸಿತು. ನಾವು ಹಣ ಕೊಟ್ಟು ಸೇರಿದ್ದ ಅರ್ಧ ದಿನದ ಉಡೊನ್ ಪ್ರವಾಸಕ್ಕೆ ಹೆಸರು ಕೊಡುವಾಗಲೇ ಸಸ್ಯಾಹಾರಿ ಎಂದು ಬರೆದಿದ್ದೆ, ಆಗಬಹುದು ಎಂಬ ಉತ್ತರವೂ ಬಂದಿತ್ತು. ಮೊದಲ ಅಂಗಡಿಯಲ್ಲಿ ನನ್ನ ಮುಂದೆ ಬಂದದ್ದು ಮೀನಿನ ಸಾರಿನಲ್ಲಿ ಮುಳುಗಿದ ಉಡೊನ್. ಮಾಂಸವಿಲ್ಲ, ಮೀನಿನ ತುಂಡೂ ಇಲ್ಲ, ಮತ್ತೇನು ಅಡ್ಡಿ ಎಂದು ಮಾರ್ಗದರ್ಶಕರು ನಿಜವಾದ ಕಾಳಜಿಯಿಂದಲೇ ಕೇಳಿದರು. ಅಲ್ಲಿ ಅನೇಕರ ಕಣ್ಣಿಗೆ ಮೀನು ಎಂದರೆ ತಟ್ಟೆಯಲ್ಲಿ ಕಾಣುವ ಮೀನು. ಸಾರಿನಲ್ಲಿ ಕರಗಿದ್ದು ರುಚಿ ಮಾತ್ರ.

ಸರಿ, ಸಾರೇ ಬೇಡ, ಬರಿಯ ಸೋಯಾ ಸಾಸ್ ಹಾಕಿಕೊಂಡು ತಿನ್ನುವ ಶೋಯು ಉಡೊನ್ ಕೊಡಿ ಎಂದೆ. ಅದೂ ಇಲ್ಲಿನ ಹೆಸರಾಂತ ತಿನಿಸೇ. ಬಟ್ಟಲು ಬಂತು, ಮೇಲೆ ತುರಿದ ಶುಂಠಿ, ಈರುಳ್ಳಿ ಸೊಪ್ಪು, ಎಳ್ಳು ಎಲ್ಲವೂ ಇದ್ದವು. ಮೇಜಿನ ಮೇಲೆ ಗಾಜಿನ ಬಾಟಲಿ. ಅದರ ಹಿಂಬದಿಯ ಚೀಟಿಯನ್ನು ಫೋನಿನಲ್ಲಿ ಅನುವಾದಿಸಿ ನೋಡಿದರೆ, ಸೋಯಾ, ಗೋಧಿ, ಉಪ್ಪಿನ ನಂತರ ಕಾತ್ಸುಒ ಮೀನಿನ ಸತ್ವವೂ ಇತ್ತು. ಈ ಅಂಗಡಿಗಳಲ್ಲಿ ದಾಶಿ ಬೆರೆಸಿದ ಸೋಯಾ ಸಾಸ್ ಇಡುವುದು ವಾಡಿಕೆ, ಮತ್ತು ನೋಟದಲ್ಲಿ ಶುದ್ಧ ಸಾಸಿಗೂ ಅದಕ್ಕೂ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ. ಬಾಟಲಿಗೆ ಚೀಟಿ ಇದ್ದದ್ದು ನನ್ನ ಪುಣ್ಯ. ಮುಂದಿನ ಅಂಗಡಿಯಲ್ಲಿ ಪಿಂಗಾಣಿಯ ಗಿಂಡಿಯಿತ್ತು, ಚೀಟಿಯಿರಲಿಲ್ಲ. ಅಲರ್ಜಿಯವರಿಗಾಗಿ ಹಾಕಿರುವ ಫಲಕಗಳನ್ನಾದರೂ ನೋಡೋಣವೆಂದರೆ ಅವೂ ಕೈಕೊಡುತ್ತವೆ. ಜಪಾನಿನ ಕಾನೂನು ಪೊಟ್ಟಣದ ಆಹಾರದಲ್ಲಿ ಮೊಟ್ಟೆ, ಹಾಲು, ಗೋಧಿ, ಕಡಲೆಕಾಯಿ, ಸಿಗಡಿ, ಏಡಿ ಮುಂತಾದವನ್ನು ಅಲರ್ಜಿಯ ಎಚ್ಚರಿಕೆಯಾಗಿ ಕಡ್ಡಾಯವಾಗಿ ಕಾಣಿಸಲು ಹೇಳುತ್ತದೆ. ಕಾತ್ಸುಒ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಫಲಕದಲ್ಲಿ ಸಿಗಡಿಯಿಲ್ಲ, ಏಡಿಯಿಲ್ಲ ಎಂದು ಓದಿ ನೆಮ್ಮದಿಯಿಂದ ತಿಂದ ಬಟ್ಟಲಿನಲ್ಲಿ ಮೀನಿನ ಸಾರು ಇರಲೇಬಹುದು.

ಪಕ್ಕದಲ್ಲಿ ಜೋಡಿಸಿಟ್ಟ ಟೆಂಪುರಾ ಕೂಡ ನನ್ನ ಪಾಲಿಗಿರಲಿಲ್ಲ: ಸಿಹಿಕುಂಬಳ ಮತ್ತು ಬದನೆಯ ಹೋಳುಗಳ ಹಿಟ್ಟಿನಲ್ಲಿ ಮೊಟ್ಟೆಯಿರುತ್ತದೆ, ಅದೇ ಎಣ್ಣೆಯಲ್ಲಿ ಚಿಕುವಾ ಎಂಬ, ಅರೆದ ಮೀನಿನಿಂದ ಮಾಡಿದ ಕೊಳವೆಗಳನ್ನೂ ಕರಿದಿರುತ್ತಾರೆ.

ಇದಕ್ಕೆ ನಾನು ಕಂಡುಕೊಂಡ ಪರಿಹಾರ ಒಂದೇ. ತಾಕಾಮಾತ್ಸುವಿನಿಂದ ಒಂದು ಗಂಟೆಯ ದೋಣಿಪ್ರಯಾಣದ ದೂರದಲ್ಲಿರುವ ಶೋದೊಶಿಮಾದಲ್ಲಿ ಇಂದಿಗೂ ಆಳೆತ್ತರದ ಮರದ ಪೀಪಾಯಿಗಳಲ್ಲಿ ಸೋಯಾ ಸಾಸ್ ಹುಳಿಬರಿಸುತ್ತಾರೆ. ಅಲ್ಲಿಂದ ಅಂಗೈಯಗಲದ ಬಾಟಲಿಯಲ್ಲಿ ಸೋಯಾ, ಗೋಧಿ, ಉಪ್ಪು ಮಾತ್ರ ಇರುವ ಸಾಸ್ ಕೊಂಡು, ಅದನ್ನು ಚೀಲದಲ್ಲಿಟ್ಟುಕೊಂಡೇ ಅಂಗಡಿಗೆ ಹೋದೆ. ಬೇಯಿಸಿದ ಬರಿಯ ಉಡೊನ್ ಕೇಳಿ, ಅಂಗಡಿಯವರ ಒಪ್ಪಿಗೆ ಪಡೆದು ನನ್ನ ಸಾಸನ್ನೇ ಹಾಕಿಕೊಂಡೆ. ಅದು ಅತ್ಯುತ್ತಮ ಊಟವಾಗಿತ್ತು. ಆದರೆ ನನ್ನ ವ್ಯಂಜನವನ್ನು ನಾನೇ ಹೊತ್ತು ತಿರುಗಿ ತಿಂದದ್ದನ್ನು ಆ ಸೀಮೆಯ ಊಟ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಇಬುಕಿಯ ಒಣಮೀನಿನ ಸಾರೇ ಕಾಗಾವಾದ ಜೀವಾಳ ಎಂದು ನನ್ನ ಗಂಡ ಹೇಳುತ್ತಾರೆ, ಮತ್ತು ಅದು ನಿಜ. ಮೀನು ತಿನ್ನುವವರಿಗೆ ಈ ಮೂರರಲ್ಲಿ ಕಾಗಾವಾವೇ ಮೊದಲನೆಯದಾಗಬಹುದು. ಬೆಳಗ್ಗೆ ಬೇಗ ಹೋಗಬೇಕು, ಅಷ್ಟೆ; ನೂಡಲ್ಸ್ ಮುಗಿದೊಡನೆ ಮಧ್ಯಾಹ್ನಕ್ಕೇ ಬಾಗಿಲು ಹಾಕುವ ಅಂಗಡಿಗಳು ಅನೇಕ.

ನೀಗಾಟಾದ ವಿಷಯ ಕಡಿಮೆ ಹೇಳಿದರೂ ಸಾಕು, ಏಕೆಂದರೆ ಅಲ್ಲಿ ತಿನ್ನುವುದಕ್ಕಿಂತ ಕುಡಿಯುವುದೇ ಮುಖ್ಯ. ಇಷ್ಟು ಸಂಖ್ಯೆಯ ಸಾಕೆ ತಯಾರಕರು ಬೇರೆ ಯಾವ ಪ್ರಾಂತದಲ್ಲೂ ಇಲ್ಲ. ಹಿಮ ಕರಗಿದ ಮೆದು ನೀರಿನಿಂದ ಮಾಡಿದ ಅಲ್ಲಿನ ಸಾಕೆ ಸಿಹಿಯಿಲ್ಲದೆ ಹಗುರವಾಗಿ ಗಂಟಲಿಗಿಳಿಯುತ್ತದೆ. ಟೋಕಿಯೊದಿಂದ ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲಿನಲ್ಲಿ ಒಂದೂಕಾಲು ಗಂಟೆ ದೂರದ ಎಚಿಗೊ-ಯುಜಾವಾ ನಿಲ್ದಾಣದೊಳಗೇ ಪೊನ್‌ಶುಕಾನ್ ಎಂಬ ಸ್ಥಳವಿದೆ. ನಾವು ಹೋದಾಗ 500 ಯೆನ್ ಕೊಟ್ಟರೆ ಒಂದು ಪುಟ್ಟ ಬಟ್ಟಲನ್ನೂ ಐದು ಬಿಲ್ಲೆಗಳನ್ನೂ ಕೊಡುತ್ತಿದ್ದರು. ಗೋಡೆಯುದ್ದಕ್ಕೂ ಇರುವ ಯಂತ್ರಗಳಲ್ಲಿ ಬೇಕಾದ ಸಾಕೆಯ ಕೆಳಗೆ ಬಟ್ಟಲಿಟ್ಟು ಬಿಲ್ಲೆ ಹಾಕಿದರಾಯಿತು. ನಂಜಿಕೊಳ್ಳಲು ಬಗೆಬಗೆಯ ಉಪ್ಪು ಮತ್ತು ಸೌತೆಕಾಯಿ ಇದ್ದುದರಿಂದ ನನಗೆ ಯಾವ ಚಿಂತೆಯೂ ಇರಲಿಲ್ಲ. ಉವೊನುಮಾದ ಕೊಶಿಹಿಕಾರಿ ಅಕ್ಕಿಯ ಬರಿಯ ಅನ್ನವನ್ನು ಉಪ್ಪು ಉದುರಿಸಿಕೊಂಡು ತಿಂದೆ; ಅನ್ನವನ್ನೇ ನೆಚ್ಚಿ ಬೆಳೆದ ನಾನೂ ಅಂಥ ಅನ್ನವನ್ನು ಉಂಡಿರಲಿಲ್ಲ. ಹಿಮದ ಮೇಲೆ ಹರಡಿ ಕಹಿ ತೆಗೆದ ಕೆಂಪು ಮೆಣಸಿನಕಾಯಿಯನ್ನು ಯುಜು ಎಂಬ ನಿಂಬೆ ಜಾತಿಯ ಹಣ್ಣು, ಉಪ್ಪು, ಕೋಜಿ (ಹುಳಿಬರಿಸಲು ಬೂಷ್ಟು ಬೆಳೆಸಿದ ಅಕ್ಕಿ) ಇವುಗಳೊಡನೆ ವರ್ಷಗಟ್ಟಲೆ ಹುಳಿಬರಿಸಿ ಮಾಡುವ ಕಾನ್‌ಜುರಿ ನಮ್ಮ ನಾಲಿಗೆಗೆ ಹೇಳಿ ಮಾಡಿಸಿದಂತಿದೆ. ಆದರೆ ಒಸಾಕಾದಿಂದ ಅಲ್ಲಿಗೆ ಹೋಗಿಬರುವ ರೈಲಿನ ವೆಚ್ಚವೇ ನನ್ನ ಕೈಗೆ ಭಾರವಾಯಿತು, ಮತ್ತು ಹೆಗಿ ಸೋಬಾ ಎಂಬ ಅಲ್ಲಿನ ನೂಡಲ್ಸ್‌ಗೆ ಜೊತೆಯಾಗಿ ಬರುವ ಸಾರಿನಲ್ಲಿ ಮತ್ತೆ ಅದೇ ಮೀನು.

ಇನ್ನು ವಾಕಯಾಮಾ. ಒಸಾಕಾದ ನಂಬಾದಿಂದ ನಾಂಕಾಯ್ ರೈಲು ಹಿಡಿದು, ಕೊನೆಯಲ್ಲಿ ಕೇಬಲ್ ಕಾರಿನಲ್ಲಿ ಬೆಟ್ಟವೇರಿದರೆ ಸುಮಾರು ಎರಡು ಗಂಟೆಯಲ್ಲಿ ಕೋಯಾ ಸಿಗುತ್ತದೆ. ಕಾಗಾವಾದ ಕೆರೆಯನ್ನು ಕಟ್ಟಿಸಿದ ಅದೇ ಕೂಕಾಯ್ ಅವರಿಗೆ 816ರಲ್ಲಿ ಚಕ್ರವರ್ತಿ ಕೊಟ್ಟ ಬೆಟ್ಟ ಇದು. ಇಲ್ಲಿನ ನೂರಕ್ಕೂ ಹೆಚ್ಚು ಮಠಗಳಲ್ಲಿ ಐವತ್ತರಷ್ಟು ಮಠಗಳು ಯಾತ್ರಿಕರಿಗೆ ರಾತ್ರಿ ತಂಗಲು ಕೊಠಡಿಯನ್ನೂ ಎರಡು ಹೊತ್ತಿನ ಊಟವನ್ನೂ ಕೊಡುತ್ತವೆ. ಆ ಊಟಕ್ಕೆ ಶೋಜಿನ್ ರ್ಯೋರಿ ಎಂದು ಹೆಸರು. ಮೀನು, ಮಾಂಸ, ಮೊಟ್ಟೆ ಇರುವುದಿಲ್ಲವೆಂಬುದಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧ. ದಾಶಿಯನ್ನು ಕೊಂಬು ಎಂಬ ಕಡಲ ಸಸ್ಯದಿಂದಲೂ ಒಣಗಿದ ಶಿಟಾಕೆ ಅಣಬೆಯಿಂದಲೂ ಮಾಡುತ್ತಾರೆ. ಕಾಗಾವಾದಲ್ಲಿ ಪ್ರತಿ ಬಟ್ಟಲಿನ ಮುಂದೆ ವಿಚಾರಣೆ ನಡೆಸಿ ದಣಿದಿದ್ದ ನನಗೆ ಏನನ್ನೂ ಕೇಳದೆ, ಯಾವ ಚೀಟಿಯನ್ನೂ ಓದದೆ ಮುಂದಿಟ್ಟದ್ದನ್ನೆಲ್ಲ ಉಣ್ಣಬಹುದೆಂಬುದೇ ಎಷ್ಟು ದೊಡ್ಡ ಬಿಡುಗಡೆಯೆನಿಸಿತೆಂದು ಹೇಳಲಾರೆ.

ಮೆರುಗೆಣ್ಣೆ ಹಚ್ಚಿದ ಗಿಡ್ಡ ಮಣೆಗಳ ಮೇಲೆ ಊಟ ಬಂತು. ಎಳ್ಳಿನ ಟೋಫು ಎಂದು ಕರೆಯುವ ಗೋಮಾದೋಫುವಿನಲ್ಲಿ ಸೋಯಾ ಇರುವುದೇ ಇಲ್ಲ. ನುಣ್ಣಗೆ ಅರೆದ ಎಳ್ಳನ್ನು ಕುಡ್ಜು ಬಳ್ಳಿಯ ಗೆಡ್ಡೆಯ ಪಿಷ್ಟ ಮತ್ತು ನೀರಿನೊಡನೆ ತಳಹತ್ತದಂತೆ ಬಹಳ ಹೊತ್ತು ತಿರುವಿ, ಅಚ್ಚಿಗೆ ಹೊಯ್ದು ಆರಿಸಿದ್ದು. ಚಾಪ್‌ಸ್ಟಿಕ್ ಒತ್ತಿದರೆ ತಕ್ಷಣ ತುಂಡಾಗದೆ ತುಸು ಬಾಗಿ, ಅಂಟಾಗಿ ಎಳೆದುಕೊಂಡು ಬಿಡಿಸಿಕೊಳ್ಳುತ್ತದೆ. ಮೇಲಿನ ಕಡಲೆಕಾಳಿನಷ್ಟು ವಸಾಬಿಯ ಖಾರ ಮೊದಲು ಮೂಗಿಗೇರಿ ಇಳಿಯುತ್ತದೆ, ಎಳ್ಳಿನ ಸ್ವಾದ ಅದರ ನಂತರ ನಿಧಾನವಾಗಿ ಬರುತ್ತದೆ. ಕೊರೆಯುವ ಚಳಿಯಲ್ಲಿ ಹೊರಗಿಟ್ಟ ಟೋಫು ಹೆಪ್ಪುಗಟ್ಟಿದ್ದರಿಂದ ಹುಟ್ಟಿತೆಂದು ಹೇಳುವ ಕೋಯಾದೋಫು ಅಣಬೆಯ ಸಾರನ್ನು ಹೀರಿಕೊಂಡು ಬಾಯಲ್ಲಿ ಒಮ್ಮೆಗೇ ಬಿಟ್ಟುಕೊಡುತ್ತದೆ. ಕೇಳಿದರೆ ಮಠದಲ್ಲೂ ಸಾಕೆ ಕೊಡುತ್ತಾರೆ.

ಮಠದ ಊಟ ಸಂಜೆ ಆರಕ್ಕೆಲ್ಲ ಆಗಿಬಿಡುತ್ತದೆ, ಬೆಳಗಿನ ಪೂಜೆಗೆ ಆರರ ಸುಮಾರಿಗೆ ಕೂರಬೇಕು. ಬೆಳಗ್ಗೆ ಐದಕ್ಕೆ ಏಳುವ ನನಗೆ ಇದು ಅನುಕೂಲವೇ ಆಯಿತು. ನನ್ನ ಗಂಡನಿಗೆ ರಾತ್ರಿ ಒಂಬತ್ತಕ್ಕೆ ಮತ್ತೆ ಹಸಿವಾಗಿ, ಹೊತ್ತು ಮೀರಿದ್ದರಿಂದ ಏನೂ ಸಿಗಲಿಲ್ಲ. ಚಳಿಗಾಲದಲ್ಲಿ ಕೊಠಡಿ ಬೆಚ್ಚಗಿರುತ್ತದೆಂದು ನಂಬಿ ಹೋಗಬಾರದು.

ಬೆಟ್ಟದಿಂದಿಳಿದರೂ ಈ ಪ್ರಾಂತದಲ್ಲಿ ನನಗೆ ತಿನ್ನಲು ಬೇಕಾದಷ್ಟಿತ್ತು. 1254ರಲ್ಲಿ ಚೀನಾದಿಂದ ಮರಳಿದ ಭಿಕ್ಷು ಕಾಕುಶಿನ್ ತಂದರೆನ್ನುವ ಕಿನ್‌ಜಾಂಜಿ ಮಿಸೊದಲ್ಲಿ (ಮಿಸೊ ಎಂದರೆ ಸೋಯಾ ಕಾಳನ್ನು ಹುಳಿಬರಿಸಿ ಮಾಡಿದ ಗಟ್ಟಿ ವ್ಯಂಜನ) ಬದನೆ, ಸೌತೆ ಜಾತಿಯ ಕಾಯಿ, ಶುಂಠಿಗಳ ಚೂರುಗಳಿರುತ್ತವೆ. ಸಾರು ಮಾಡದೆ ಅನ್ನದೊಡನೆ ಹಾಗೆಯೇ ಕಲಸಿಕೊಳ್ಳುವುದು. ಆ ಮಿಸೊದ ಪೀಪಾಯಿಯಲ್ಲಿ ಊರಿದ ರಸವೇ ಸೋಯಾ ಸಾಸಿನ ಮೂಲವೆಂದು ಯುವಾಸಾ ಪಟ್ಟಣದವರು ಹೇಳುತ್ತಾರೆ. ದಕ್ಷಿಣದ ಮಿನಾಬೆ ಮತ್ತು ತಾನಾಬೆಯ ಸುತ್ತ ಉಮೆ ಎಂಬ ಹುಳಿ ಹಣ್ಣಿನ ತೋಟಗಳಿವೆ. ಜೂನ್‌ನಲ್ಲಿ ಮರದಡಿ ಹಾಸಿದ ಬಲೆಗೆ ತಾನಾಗಿ ಉದುರಿದ ಹಣ್ಣನ್ನು ಆಯ್ದು, ಉಪ್ಪಿನಲ್ಲಿ ಹಾಕಿ, ಬಿಸಿಲಿಗೊಣಗಿಸಿ ಉಮೆಬೊಶಿ ಮಾಡುತ್ತಾರೆ. ನಮ್ಮ ಮಾವಿನ ಮಿಡಿಯ ಹಾಗೆ ಒಂದೇ ಒಂದು ಇದ್ದರೆ ಬಟ್ಟಲು ಅನ್ನ ಖಾಲಿಯಾಗುತ್ತದೆ. ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು: ಜೇನು ಬೆರೆಸಿದ್ದು, ಕಾತ್ಸುಒ ಮೀನಿನ ಚೂರು ಬೆರೆಸಿದ್ದು ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಉಮೆ ಮತ್ತು ಉಪ್ಪು ಮಾತ್ರ ಇರುವುದನ್ನು ಹುಡುಕಿ ತೆಗೆದುಕೊಳ್ಳಬೇಕು.

ಹಣದ ಮಾತಿಗೆ ಬಂದರೆ, ಮಠದ ಒಂದು ರಾತ್ರಿಗೆ ತಲೆಗೆ 15,000 ಯೆನ್ ಆಸುಪಾಸು ಕೊಟ್ಟೆವು. ಅದೇ ಹಣದಲ್ಲಿ ಕಾಗಾವಾದಲ್ಲಿ ವಾರಗಟ್ಟಲೆ ಉಡೊನ್ ತಿನ್ನಬಹುದು. ಆದರೂ ನನ್ನ ಲೆಕ್ಕದಲ್ಲಿ ಅದು ಕೊಠಡಿ, ಎರಡು ಊಟ, ನೆಮ್ಮದಿ ಮೂರೂ ಸೇರಿದ ಬೆಲೆ, ಮತ್ತು ಒಸಾಕಾದಿಂದ ಹೋಗುವವರಿಗೆ ರೈಲಿನ ಖರ್ಚು ಅಲ್ಪ. ಟೋಕಿಯೊದಲ್ಲಿರುವ, ಸಾಕೆಯಲ್ಲಿ ಆಸಕ್ತಿಯುಳ್ಳ ಸಸ್ಯಾಹಾರಿಗಳು ನೀಗಾಟಾಕ್ಕೆ ಒಂದು ದಿನದಲ್ಲಿ ಹೋಗಿಬರಲಿ. ಕೈಬಿಗಿಯಿದ್ದರೆ ಕೋಯಾದಲ್ಲಿ ತಂಗದೆಯೇ, ಮುಂಗಡವಾಗಿ ತಿಳಿಸಿದವರಿಗೆ ಮಧ್ಯಾಹ್ನದ ಊಟ ಮಾತ್ರ ಕೊಡುವ ಮಠಗಳಿವೆ. ಬೆಳಗಿನ ರೈಲಿಗೆ ಹೊರಟು, ಆ ಊಟ ಮುಗಿಸಿ, ಕತ್ತಲಾಗುವುದರೊಳಗೆ ಒಸಾಕಾಗೆ ಮರಳಬಹುದು.