ಹಳೆಯ ಭಾವಚಿತ್ರಗಳ ಬಣ್ಣಕ್ಕೆ ಹೊಸದನ್ನು ಹೊಂದಿಸಲು ಲೈಟ್‌ರೂಮ್ ಕ್ಲಾಸಿಕ್: ಒಂದು ವಿಮರ್ಶೆ

ಕಾಲೇಜು, ಆಸ್ಪತ್ರೆ, ಕಚೇರಿಗಳ ಸಿಬ್ಬಂದಿಯ ಭಾವಚಿತ್ರ ತೆಗೆಯುವವರಿಗೆ ಮೇಲ್ನೋಟಕ್ಕೆ ಸುಲಭವೆನಿಸುವ ಕೋರಿಕೆಯೊಂದು ಆಗಾಗ ಬರುತ್ತದೆ. ಕೆಲವು ವರ್ಷಗಳ ಹಿಂದೆ ಬೇರೊಬ್ಬರು ತೆಗೆದು, ಬಣ್ಣ ತಿದ್ದಿಕೊಟ್ಟ ಚಿತ್ರಗಳಿರುತ್ತವೆ. ಹೊಸದಾಗಿ ಸೇರಿದವರ ಚಿತ್ರಗಳೂ ಅವುಗಳ ಪಕ್ಕದಲ್ಲಿ ಒಂದೇ ಸರಣಿಯಂತೆ ಕಾಣಬೇಕು. ಕ್ಯಾಮೆರಾದ ಮೂಲ ಕಡತಗಳಾದ ರಾ ಫೈಲುಗಳಾಗಲಿ, ತಿದ್ದುಪಡಿಗಳನ್ನು ಉಳಿಸಿಟ್ಟ ಪ್ರಿಸೆಟ್ ಆಗಲಿ ಸಿಗುವುದಿಲ್ಲ, ಕೈಗೆ ಬರುವುದು ಜೆಪೆಗ್ ಮಾತ್ರ. ಈ ಕೆಲಸದ ಮಟ್ಟಿಗೆ ಫೋಟೋ ತಿದ್ದುವ ತಂತ್ರಾಂಶವಾದ ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್ ಎಷ್ಟು ಉಪಯುಕ್ತ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಇದರ ದೊಡ್ಡ ಬಲ 2016ರಲ್ಲಿ ಸೇರ್ಪಡೆಯಾದ ರೆಫರೆನ್ಸ್ ವ್ಯೂ. ಡೆವಲಪ್ ವಿಭಾಗದಲ್ಲಿ ಶಿಫ್ಟ್ ಮತ್ತು ಆರ್ ಕೀಲಿಗಳನ್ನು ಒತ್ತಿದರೆ ಹಳೆಯ ಚಿತ್ರ ಒಂದು ಬದಿಗೆ, ತಿದ್ದುತ್ತಿರುವ ಚಿತ್ರ ಇನ್ನೊಂದು ಬದಿಗೆ ನಿಲ್ಲುತ್ತದೆ; ಮೌಸ್ ಆಡಿಸಿದಲ್ಲೆಲ್ಲ ಎರಡರ ಕೆಂಪು, ಹಸಿರು, ನೀಲಿ ಅಂಶಗಳು ಬೆಳಕಿನ ಹಂಚಿಕೆ ತೋರುವ ನಕ್ಷೆಯಾದ ಹಿಸ್ಟೋಗ್ರಾಮ್‌ನ ಕೆಳಗೆ ಶೇಕಡಾವಾರು ಕಾಣಿಸುತ್ತವೆ. ಹಳೆಯ ಚಿತ್ರದಲ್ಲಿ ಕೂದಲಿನ ಅತ್ಯಂತ ಕಪ್ಪಾದ ಭಾಗವೂ ಶೇ. 7 ಅಥವಾ 8ಕ್ಕಿಂತ ಕೆಳಗಿಳಿಯದಿದ್ದರೆ, ಕಪ್ಪಿನಿಂದ ಬಿಳಿಯವರೆಗಿನ ಹೊಳಪನ್ನು ತಿದ್ದುವ ರೇಖೆಯಾದ ಟೋನ್ ಕರ್ವ್‌ನ ಎಡತುದಿಯನ್ನು ಮೇಲೆತ್ತಿ ಕಪ್ಪನ್ನು ಮಾಸಲು ಮಾಡಿದ್ದಾರೆ ಎಂದು ಬಹುಮಟ್ಟಿಗೆ ಊಹಿಸಬಹುದು. ಅಲ್ಲಿ ನೀಲಿಯ ಅಂಕಿ ಮಾತ್ರ ಎದ್ದು ಕಂಡರೆ ನೆರಳಿಗೆ ನೀಲಿ ಬೆರೆಸಿರುವ ಸಾಧ್ಯತೆ ಹೆಚ್ಚು. ಅದನ್ನು ಮರಳಿ ತರಲು ನೆರಳಿಗೂ ಬೆಳಕಿಗೂ ಬೇರೆಬೇರೆ ಬಣ್ಣ ಬೆರೆಸಲು 2020ರಲ್ಲಿ ಬಂದ ಕಲರ್ ಗ್ರೇಡಿಂಗ್ ಚಕ್ರಗಳು ಸಾಕಾಗುತ್ತವೆ.

ಆದರೆ ಈ ಅಂಕಿಗಳನ್ನು ಮುಖದ ಮೇಲೆ ಹೊಂದಿಸಲು ಹೋಗಬಾರದು. ಗೋಧಿ ಬಣ್ಣದವರ ಕೆನ್ನೆಯ ಅಂಕಿಗಳನ್ನು ಎಣ್ಣೆಗೆಂಪು ಮೈಬಣ್ಣದವರ ಕೆನ್ನೆಗೆ ತಂದರೆ ಚಿತ್ರದ ಶೈಲಿಯಲ್ಲ, ವ್ಯಕ್ತಿಯ ಬಣ್ಣವೇ ಬದಲಾಗುತ್ತದೆ. (ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂಬ ಕೋರಿಕೆಯೂ ಇದರ ಜೊತೆಗೇ ಬರುವುದುಂಟು, ನಯವಾಗಿ ನಿರಾಕರಿಸುವುದೇ ಮೇಲು.) ಹಿನ್ನೆಲೆ, ಬಿಳಿ ಅಂಗಿಯ ಕಾಲರ್, ಕಪ್ಪು ಕೂದಲು ಈ ಮೂರನ್ನು ಮೊದಲು ಹೊಂದಿಸಿ, ಬಳಿಕ ಚರ್ಮದಲ್ಲಿ ಹಳದಿ ಅಥವಾ ಕೆಂಪಿನ ಛಾಯೆ ಹೆಚ್ಚೆನಿಸಿದರೆ ಮಾತ್ರ ಆಯ್ದ ಬಣ್ಣವನ್ನಷ್ಟೇ ತಿದ್ದುವ 2023ರ ಪಾಯಿಂಟ್ ಕಲರ್ ಸಾಧನದಿಂದ ತುಸು ಸರಿಪಡಿಸುವುದು ಸುರಕ್ಷಿತ. ಫೋಟೋಶಾಪ್‌ನ ಮ್ಯಾಚ್ ಕಲರ್ ಇದೇ ಕೆಲಸವನ್ನು ತಾನಾಗಿಯೇ ಮಾಡಲು ಯತ್ನಿಸುತ್ತದೆಯಾದರೂ, ಭಾಗವನ್ನು ಗುರುತಿಸಿ ಕೊಡದಿದ್ದರೆ ಹಸಿರು ಸೀರೆಯ ಬಣ್ಣವೂ ಅದರ ಲೆಕ್ಕಕ್ಕೆ ಸೇರಿ ಮುಖದ ಬಣ್ಣ ಕೆಡುತ್ತದೆ.

ಹಳೆಯ ಛಾಯಾಗ್ರಾಹಕರೂ ಲೈಟ್‌ರೂಮ್ ಬಳಸಿ, ಎಲ್ಲ ಮೆಟಾಡೇಟಾ (ಫೈಲಿನೊಳಗೆ ಸೇರಿರುವ ಮಾಹಿತಿ) ಉಳಿಸಿ ರಫ್ತು ಮಾಡಿದ್ದರೆ, ಅವರು ಸ್ಲೈಡರುಗಳನ್ನು ಎಲ್ಲೆಲ್ಲಿ ಇಟ್ಟಿದ್ದರೆಂಬುದು ಜೆಪೆಗ್‌ನೊಳಗೇ ದಾಖಲಾಗಿರುತ್ತದೆ; ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಓದಬಹುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದ ಪ್ರತಿಯಲ್ಲಿ ಈ ಮಾಹಿತಿ ಉಳಿಯುವುದಿಲ್ಲವಾದ್ದರಿಂದ ಡಾಕ್ಯುಮೆಂಟ್ ಆಗಿಯೋ ಇಮೇಲ್ ಮೂಲಕವೋ ತರಿಸಿಕೊಳ್ಳಬೇಕು. ಹಾಗೆ ಸಿಕ್ಕರೂ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಿಕೆ) ಮತ್ತು ಎಕ್ಸ್‌ಪೋಷರ್ (ಚಿತ್ರದ ಒಟ್ಟು ಹೊಳಪು) ಅಂಕಿಗಳನ್ನು ನಕಲಿಸಬಾರದು; ಅವು ಬೇರೆ ಕ್ಯಾಮೆರಾಗೆ, ಬೇರೆ ಬೆಳಕಿಗೆ ಸಂಬಂಧಿಸಿದವು.

ಬೆಳಕಿನ ವಿಷಯದಲ್ಲಿ ಈ ತಂತ್ರಾಂಶ ಕೈಚೆಲ್ಲುತ್ತದೆ, ಯಾವ ತಂತ್ರಾಂಶವಾದರೂ ಅಷ್ಟೇ. ಚಿತ್ರೀಕರಣಕ್ಕೆ ಮುನ್ನವೇ ಹಳೆಯ ಚಿತ್ರದ ಕಣ್ಣುಗಳನ್ನು ಹಿಗ್ಗಿಸಿ ನೋಡಿದರೆ, ಅಲ್ಲಿನ ಬಿಳಿ ಪ್ರತಿಫಲನ ಚೌಕವಾಗಿದ್ದಲ್ಲಿ ಸಾಫ್ಟ್‌ಬಾಕ್ಸ್ (ದೀಪದ ಬೆಳಕನ್ನು ಮೃದುಗೊಳಿಸುವ ಬಟ್ಟೆಯ ಪೆಟ್ಟಿಗೆ) ಅಥವಾ ಕಿಟಕಿ, ದುಂಡಗಿದ್ದಲ್ಲಿ ದೀಪದ ಛತ್ರಿ ಅಥವಾ ಬ್ಯೂಟಿ ಡಿಶ್ (ತಟ್ಟೆಯಾಕಾರದ ಪ್ರತಿಫಲಕ) ಎಂದು ಊಹಿಸಬಹುದು. ಮೂಗಿನ ನೆರಳು ದೀಪದ ಎತ್ತರವನ್ನೂ ದಿಕ್ಕನ್ನೂ ಹೇಳುತ್ತದೆ. ಮೊದಲ ಕ್ಲಿಕ್ಕಿನಲ್ಲಿ, ಬಳಿಕ ಬಣ್ಣ ಸರಿಪಡಿಸಲು ಆಧಾರವಾಗುವ ಬೂದು ಕಾರ್ಡ್ ಹಿಡಿಸುವುದನ್ನೂ ಮರೆಯಬಾರದು.

ಚಂದಾ ಕಟ್ಟದೆ ಲೈಟ್‌ರೂಮ್ ಕ್ಲಾಸಿಕ್ ಸಿಗುವುದಿಲ್ಲ. ಇಂತಹ ಕೆಲಸ ನಿಯಮಿತವಾಗಿ ಬರುವ ಸ್ಟುಡಿಯೋಗಳಿಗೆ ರೆಫರೆನ್ಸ್ ವ್ಯೂ ಒಂದೇ ಆ ಖರ್ಚನ್ನು ಸಮರ್ಥಿಸುತ್ತದೆ. ಅಪರೂಪಕ್ಕೆ ಮಾಡುವವರು ಮೊದಲು ಇಂತಹದೇ ಉಚಿತ ತಂತ್ರಾಂಶವಾದ ಡಾರ್ಕ್‌ಟೇಬಲ್ ಪ್ರಯತ್ನಿಸಿ ನೋಡಬಹುದು.